46 ವರ್ಷಕ್ಕೆ ಏಜ್ ರಿವರ್ಸಲ್ ಪ್ಯಾಕೇಜ್ ತಗೊಂಡೆ, ನಾಲ್ಕು ತಿಂಗಳ ಅನುಭವ ಪೂರ್ತಿ ಬರ್ದಿದೀನಿ

ಮೈಸೂರಲ್ಲಿ ಒಂದು ಸ್ಕಿನ್ ಅಂಡ್ ಸ್ಲಿಮ್ಮಿಂಗ್ ಸೆಂಟರ್‌ನಲ್ಲಿ 2025ರ ಜನವರಿಯಿಂದ ಏಪ್ರಿಲ್ ತನಕ ಟ್ರೀಟ್‌ಮೆಂಟ್ ತಗೊಂಡೆ, ಅದರ ರಿವ್ಯೂ ಇದು. ಸೆಂಟರ್ ಹೆಸರು ಹಾಕ್ತಿಲ್ಲ, ರೀಫಂಡ್ ವಿಷಯ ಇನ್ನೂ ನಡೀತಿದೆ, ಜೊತೆಗೆ ನಮ್ಮ ಸ್ಟಾಫ್ ರೂಮಲ್ಲೇ ಇನ್ನೂ ಮೂರು ಜನ ಬೇರೆ ಬೇರೆ ಸೆಂಟರ್‌ಗಳಿಗೆ ಹೋಗಿ ಹೆಚ್ಚುಕಮ್ಮಿ ಇದೇ ಮಾತು ಕೇಳಿಸ್ಕೊಂಡು ಬಂದಿದಾರೆ, ಹಾಗಾಗಿ ಒಂದು ಬೋರ್ಡಿನ ಹೆಸರು ತಿಳ್ಕೊಂಡು ಯಾರಿಗೂ ಉಪಯೋಗ ಇಲ್ಲ. ಅಲ್ಲಿ ಏನೇನು ಮಾಡ್ತಾರೆ, ಏನು ಕೇಳ್ತಾರೆ, ಏನು ಕೇಳಲ್ಲ, ಅದು ಗೊತ್ತಿದ್ರೆ ಸಾಕು. ಉದ್ದ ಆಗಿದೆ, ದಯವಿಟ್ಟು ಪೂರ್ತಿ ಓದಿ, ಅದ್ರಲ್ಲೂ 40 ದಾಟಿದ ಅಕ್ಕತಂಗಿಯರು.

ನಾನು ಹೈಸ್ಕೂಲ್ ಟೀಚರ್. ಹೋಗಿದ್ದು ಯಾಕೆ ಅಂತ ಮೊದಲು ಹೇಳ್ಬಿಡ್ತೀನಿ. ಡಿಸೆಂಬರ್‌ನಲ್ಲಿ ನೆಂಟರ ಮನೇಲಿ ಒಂದು ನಾಮಕರಣ. ಒಳಗೆ ಕಾಲಿಡ್ತಿದ್ದ ಹಾಗೇ ಒಬ್ಬರು "ಏನೇ ಇಷ್ಟು ಮೈ ಬಿಟ್ಟಿದೀಯ" ಅಂದ್ರು, ಊಟಕ್ಕೆ ಕೂತಾಗ ಇನ್ನೊಬ್ಬರು "ಮುಖ ಯಾಕೆ ಹೀಗೆ ಸೊರಗಿದೆ, ವಯಸ್ಸಾದೋಳ ಥರ ಕಾಣ್ತೀಯಲ್ಲೇ, ಅಣ್ಣನ ಮಗಳ ಮದುವೆ ಬೇರೆ ಬರ್ತಿದೆ" ಅಂದ್ರು. ಒಂದೇ ದಿನ, ಒಂದೇ ಮನೇಲಿ, ದಪ್ಪ ಅಂತಾನೂ ಅನ್ನಿಸ್ಕೊಂಡೆ ಸೊರಗಿದೀಯ ಅಂತಾನೂ ಅನ್ನಿಸ್ಕೊಂಡೆ. ಪಕ್ಕದಲ್ಲೇ ಕೂತಿದ್ದ ನಮ್ಮ ಯಜಮಾನ್ರಿಗೆ 52, ತಲೆ ಪೂರ್ತಿ ಬೆಳ್ಳಗಾಗಿದೆ, ಹೊಟ್ಟೆನೂ ಬಂದಿದೆ, ಅವರಿಗೆ "ನೀವು ಒಳ್ಳೆ ಗೌರವಸ್ಥರ ಹಾಗೆ ಕಾಣ್ತೀರ ಈಗ" ಅಂತ ಹೇಳಿ ಎರಡನೇ ಸಲ ಹೋಳಿಗೆ ಬಡಿಸಿದ್ರು. ಅವತ್ತು ರಾತ್ರಿ ಮನೆಗೆ ಬಂದು ಫೋನಲ್ಲಿ ಫಂಕ್ಷನ್ ಫೋಟೋ ದೊಡ್ಡದು ಮಾಡ್ಕೊಂಡು ನನ್ನ ಮುಖ ಮಾತ್ರ ನೋಡ್ತಾ ಕೂತಿದ್ದೆ. ಅದೇನು ಕಾಕತಾಳೀಯವೋ, ಮಾರನೇ ದಿನದಿಂದ ಫೋನ್ ತೆಗೆದ್ರೆ ಸಾಕು "40+ ಗ್ಲೋ", "10 ವರ್ಷ ಚಿಕ್ಕವರಾಗಿ" ಅನ್ನೋ ಜಾಹೀರಾತೇ. ಒಂದಕ್ಕೆ ನಂಬರ್ ಕೊಟ್ಟೆ, ಐದೇ ನಿಮಿಷಕ್ಕೆ ಕಾಲ್ ಬಂತು.

ಮೊದಲ ದಿನ ಫ್ರೀ ಕನ್ಸಲ್ಟೇಷನ್. ಜಾಗ ಚೆನ್ನಾಗಿದೆ, ಕ್ಲೀನ್ ಆಗಿದೆ, ಒಳ್ಳೆ ವಾಸನೆ, ಕುಡಿಯೋಕೆ ನಿಂಬೆಹುಲ್ಲಿನ ಬಿಸಿನೀರು ಕೊಟ್ರು, ಅದೆಲ್ಲ ಒಪ್ಕೋಬೇಕು. ಆಮೇಲೆ ಒಂದು ಮಶೀನ್ ಮೇಲೆ ಬರಿಗಾಲಲ್ಲಿ ನಿಲ್ಲಿಸಿ ಕೈಯಲ್ಲಿ ಎರಡು ಹಿಡಿ ಕೊಟ್ರು. ಒಂದು ನಿಮಿಷಕ್ಕೆ ಪ್ರಿಂಟ್ ಬಂತು, ಅದ್ರಲ್ಲಿ ಕೆಂಪು ಬಣ್ಣದಲ್ಲಿ "ಮೆಟಬಾಲಿಕ್ ಏಜ್ 58" ಅಂತ ಇತ್ತು. ಕೌನ್ಸೆಲರ್ ಅದಕ್ಕೆ ಪೆನ್ನಲ್ಲಿ ಸುತ್ತು ಹಾಕಿ "ಮೇಡಂ ನಿಮಗೆ 46, ನಿಮ್ಮ ಬಾಡಿಗೆ 58" ಅಂದ್ರು. ನಿಜವಾಗ್ಲೂ ಎದೆ ಧಸಕ್ ಅಂತು. ಈ ಮಶೀನ್ ಹೇಗೆ ಕೆಲಸ ಮಾಡತ್ತೆ ಅಂತ ನಮ್ಮ ಸ್ಕೂಲಿನ ಸೈನ್ಸ್ ಮೇಷ್ಟ್ರು ಆಮೇಲೆ ಬಿಡಿಸಿ ಹೇಳಿದ್ರು. ಮೈಯೊಳಗೆ ನಮಗೆ ಗೊತ್ತಾಗದಷ್ಟು ಸಣ್ಣ ಕರೆಂಟ್ ಹರಿಸಿ, ಅದು ಎಷ್ಟು ಸಲೀಸಾಗಿ ಹೋಗತ್ತೆ ಅನ್ನೋದ್ರ ಮೇಲೆ ನೀರೆಷ್ಟು ಕೊಬ್ಬೆಷ್ಟು ಅಂತ ಅಂದಾಜು ಕಟ್ಟತ್ತೆ ಅಷ್ಟೇ, ಊಟ ಮಾಡಿ ನಿಂತ್ರೆ ಒಂದು ನಂಬರ್, ನೀರು ಕಮ್ಮಿ ಕುಡ್ದಿದ್ರೆ ಒಂದು, ಪೀರಿಯಡ್ಸ್ ಟೈಮಲ್ಲಿ ಮೈ ನೀರು ತುಂಬ್ಕೊಂಡಿದ್ರೆ ಇನ್ನೊಂದು. ಆ "ಏಜ್" ಅನ್ನೋದು ನಮ್ಮ ಮೈ ಸುಮ್ನಿದ್ದಾಗ ಎಷ್ಟು ಕ್ಯಾಲೊರಿ ಖರ್ಚು ಮಾಡಬಹುದು ಅನ್ನೋ ಲೆಕ್ಕವನ್ನ ಬೇರೆ ಬೇರೆ ವಯಸ್ಸಿನವರ ಸರಾಸರಿ ಜೊತೆ ಹೋಲಿಸಿ ಕೊಡೋ ನಂಬರ್. ನನ್ನ ಎದೆನೋ, ಕಿಡ್ನಿನೋ, ಮೂಳೆನೋ ಅದು ನೋಡೇ ಇಲ್ಲ.

ಆಮೇಲೆ ಫೋಟೋ. ಈ ಭಾಗ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಣೆಬೊಟ್ಟು ತೆಗೀರಿ ಅಂದ್ರು, ತೆಗೆದೆ. ಕೂದಲನ್ನೆಲ್ಲ ಹಿಂದಕ್ಕೆ ಎಳೆದು ಬ್ಯಾಂಡ್ ಹಾಕಿದ್ರು, ಓಲೆ ಬಿಚ್ಚಿಸಿದ್ರು, ಹತ್ತಿಯಲ್ಲಿ ಮುಖ ಒರೆಸಿದ್ರು, ನಗಬೇಡಿ ಅಂದ್ರು, ಗದ್ದ ಕೆಳಗೆ ಮಾಡಿ ಅಂದ್ರು, ನೆತ್ತಿ ಮೇಲೆ ನೇರ ಒಂದು ಬಿಳಿ ಲೈಟ್. ತೆಗೆದ ಫೋಟೋನ ದೊಡ್ಡ ಟಿವಿ ಮೇಲೆ ಹಾಕಿದ್ರು. ನನ್ನ ಮುಖ ನನಗೇ ಗುರುತು ಸಿಗಲಿಲ್ಲ. ಅದ್ರ ಮೇಲೆ ಒಂದು ಕಡ್ಡಿ ಇಟ್ಕೊಂಡು, ಪಾಠ ಮಾಡೋವಾಗ ನಾವು ಮ್ಯಾಪ್ ತೋರಿಸ್ತೀವಲ್ಲ ಹಾಗೆ, ಇದು ಟಿಯರ್ ಟ್ರಫ್, ಇದು ಲಾಫ್ ಲೈನ್, ಇದು ಮ್ಯಾರಿಯೊನೆಟ್ ಲೈನ್, ಇದು ಜೌಲ್ಸ್, ಇದು ನೆಕ್ ಬ್ಯಾಂಡ್ ಅಂತ ಒಂದೊಂದಾಗಿ ತೋರಿಸಿದ್ರು. ಹೋಗೋವಾಗ ನನ್ನ ಕಂಪ್ಲೇಂಟ್ ಎರಡೇ ಇದ್ದಿದ್ದು, ಹೊಟ್ಟೆ ಬಂದಿದೆ, ಕೆನ್ನೆ ಮೇಲೆ ಬಂಗು ಇದೆ. ಬರೋವಾಗ ಹನ್ನೊಂದು ಆಗಿತ್ತು. ಆ ಒಂಬತ್ತು ಹೆಸರು ಅವತ್ತಿನವರೆಗೂ ನನಗೆ ಗೊತ್ತೇ ಇರಲಿಲ್ಲ, ಒಂದ್ಸಲ ಹೆಸರು ಗೊತ್ತಾದ ಮೇಲೆ ಮರೆಯೋಕೂ ಆಗಲ್ಲ.

ಪ್ಯಾಕೇಜ್ 68,000, ಮೇಲೆ 18% ಜಿಎಸ್‌ಟಿ, ಒಟ್ಟು 80,240. ಹನ್ನೆರಡು ಸೆಷನ್. ಇವತ್ತೇ ಕಟ್ಟಿದ್ರೆ ಈ ರೇಟು, ನಾಳೆ ಬಂದ್ರೆ ಲಕ್ಷ ಆಗತ್ತೆ ಅಂದ್ರು, ಅಲ್ಲೇ ಕೂತು ಇಎಂಐ ಮಾಡಿಸ್ಕೊಂಡೆ. ಆ ಜಿಎಸ್‌ಟಿ ಬಗ್ಗೆ ಒಂದು ಮಾತು. ಕಾಯಿಲೆಗೆ ಡಾಕ್ಟರ್ ಹತ್ರ ತಗೊಳ್ಳೋ ಟ್ರೀಟ್‌ಮೆಂಟಿಗೆ ಜಿಎಸ್‌ಟಿ ಇಲ್ಲ, ಚೆನ್ನಾಗಿ ಕಾಣೋದಕ್ಕೆ ಅಂತ ಮಾಡಿಸ್ಕೊಳ್ಳೋದಕ್ಕೆ ಹಾಕ್ತಾರೆ. ಬಾಯಲ್ಲಿ "ಹೆಲ್ತ್ ಮೇಡಂ, ಹೆಲ್ತ್" ಅಂತ ಇಪ್ಪತ್ತು ಸಲ ಹೇಳಿದವರ ಬಿಲ್ಲಲ್ಲೇ ಇದು ಹೆಲ್ತ್ ಅಲ್ಲ ಅಂತ ಇತ್ತು, ಅವತ್ತು ನನಗೆ ಹೊಳೀಲಿಲ್ಲ.

ಇಷ್ಟೆಲ್ಲ ಆಯ್ತಲ್ಲ, ಮುಕ್ಕಾಲು ಗಂಟೆ ನಡೆದ ಆ ಕನ್ಸಲ್ಟೇಷನ್‌ನಲ್ಲಿ ಒಂದೇ ಒಂದ್ಸಲನಾದ್ರೂ "ಮುಟ್ಟು ಸರಿಯಾಗಿ ಆಗ್ತಿದೆಯಾ, ಸುಸ್ತು ಇದೆಯಾ, ನಿದ್ದೆ ಬರತ್ತಾ, ಬಿಪಿ ಶುಗರ್ ನೋಡಿಸಿದೀರಾ" ಅಂತ ಯಾರೂ ಕೇಳ್ಲಿಲ್ಲ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬರತ್ತೆ.

ಸೆಷನ್‌ಗಳ ಬಗ್ಗೆ. ಹೈಡ್ರಾ ಫೇಶಿಯಲ್ ಆದ ದಿನ ಮುಖ ಹೊಳೆಯೋದು ನಿಜ, ಎರಡು ಮೂರು ದಿನ ಇರತ್ತೆ, ಆಮೇಲೆ ಯಥಾಪ್ರಕಾರ. ಹೊಟ್ಟೆಗೆ ಬಿಗಿಯಾಗಿ ಪಟ್ಟಿ ಸುತ್ತಿ ಬಿಸಿ ಕೊಟ್ಟು ಟೇಪ್ ಹಿಡಿದು "ಒಂದೂವರೆ ಇಂಚ್ ಲಾಸ್" ಅಂತಾರೆ, ಬೆವರು ಹೋಗಿರತ್ತೆ ಅಷ್ಟೇ, ಮನೇಲಿ ನೀರು ಕುಡಿದು ಮಾರನೇ ದಿನ ಅಳೆದ್ರೆ ಅಷ್ಟೇ ಇರತ್ತೆ. ಮೂರನೇ ಸೆಷನ್‌ನಲ್ಲಿ ಪೀಲ್ (ಚರ್ಮದ ಮೇಲ್ಪದರ ಸುಲಿಯೋ ಕೆಮಿಕಲ್) ಹಾಕಿದ್ರು, ಎಡಗೆನ್ನೆ ಉರಿ ಉರಿ, ಎರಡು ವಾರಕ್ಕೆ ಬಂಗು ಇದ್ದಿದ್ದಕ್ಕಿಂತ ಕಪ್ಪಾಯ್ತು. ಕೇಳಿದ್ರೆ ಒಳಗಿರೋದು ಹೊರಗೆ ಬರ್ತಿದೆ, ಇನ್ನೆರಡು ಪೀಲ್ ಆದ್ರೆ ಸರಿಹೋಗತ್ತೆ ಅಂದ್ರು. ಆಮೇಲೆ ಎಂಡಿ ಮಾಡಿರೋ ಚರ್ಮದ ಡಾಕ್ಟರ್ ಹತ್ರ ಹೋದಾಗ ಅವರು ಹೇಳಿದ್ದು ಬೇರೆ. ಬಂಗು ಬರೋದು ಬಿಸಿಲಿಂದ, ಹಾರ್ಮೋನ್‌ನಿಂದ, ಮನೆತನದಿಂದ, ಎಷ್ಟೋ ಜನಕ್ಕೆ ಬಸುರಿಯಾಗಿದ್ದಾಗ ಶುರುವಾಗತ್ತೆ, ನಮ್ಮ ಕಂದು ಚರ್ಮಕ್ಕೆ ಉರಿ ಆದ್ರೆ ಅದು ಇನ್ನೂ ಕಪ್ಪು ಬಣ್ಣ ಮಾಡ್ಕೊಳತ್ತೆ, ಮೊದಲು ದಿನಾ ಸನ್‌ಸ್ಕ್ರೀನ್ ಹಚ್ಚಿ, ಬಾಕಿದೆಲ್ಲ ನಿಧಾನಕ್ಕೆ ನೋಡೋಣ ಅಂತ ಹೇಳಿ ಕಳಿಸಿದ್ರು. ಫೀಸ್ 600.

ಸೆಂಟರ್‌ನವರು ಒಂದು ನೈಟ್ ಕ್ರೀಮ್ ಕೊಟ್ಟಿದ್ರು, ಬಿಳಿ ಡಬ್ಬಿ, ಮೇಲೆ ಅವರ ಸ್ಟಿಕ್ಕರ್ ಮಾತ್ರ, ಒಳಗೇನಿದೆ ಅಂತ ಒಂದಕ್ಷರ ಇಲ್ಲ. ಕೇಳಿದ್ದಕ್ಕೆ ನಮ್ಮದೇ ಫಾರ್ಮುಲಾ ಅಂದ್ರು. ನಾನದನ್ನ ಹಚ್ಚೋದು ಬಿಟ್ಟೆ. ಯಾಕೆ ಅಂದ್ರೆ ಬೆಳ್ಳಗಾಗೋಕೆ ಅಂತ ಸ್ಟೀರಾಯ್ಡ್ ಇರೋ ಕ್ರೀಮ್ ಹಚ್ಚಿ ಹಚ್ಚಿ ಚರ್ಮ ತೆಳ್ಳಗಾಗಿ, ಕೆಂಪಗಾಗಿ, ಬಿಟ್ಟ ತಕ್ಷಣ ಮುಖ ಪೂರ್ತಿ ಎದ್ದು ಒದ್ದಾಡಿದವರು ನಮ್ಮಲ್ಲಿ ಲೆಕ್ಕ ಇಲ್ಲದಷ್ಟು ಜನ, ಚರ್ಮದ ಡಾಕ್ಟರ್‌ಗಳು ವರ್ಷಗಟ್ಟಲೆ ಕೂಗಿದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ ಅಂಥ 14 ಸ್ಟೀರಾಯ್ಡ್ ಕ್ರೀಮ್‌ಗಳನ್ನ ಡಾಕ್ಟರ್ ಚೀಟಿ ಇಲ್ದೆ ಮಾರಬಾರದು ಅಂತ ಶೆಡ್ಯೂಲ್ ಎಚ್ ಅನ್ನೋ ಔಷಧಿ ಪಟ್ಟಿಗೆ ಸೇರಿಸ್ತು. ನನ್ನ ಡಬ್ಬೀಲಿ ಅದೇ ಇತ್ತು ಅಂತ ಹೇಳ್ತಿಲ್ಲ. ಹೆಸರಿಲ್ಲದ ಡಬ್ಬಿ ಯಾರು ಕೊಟ್ರೂ ಮುಖಕ್ಕೆ ಹಚ್ಚಬೇಡಿ ಅಂತ ಹೇಳ್ತಿದೀನಿ.

ಅಲ್ಲಿ ಕೆಲಸ ಮಾಡೋ ಹುಡುಗೀರ ಬಗ್ಗೆ ಮಾತ್ರ ಒಂದೂ ಕೆಟ್ಟ ಮಾತಿಲ್ಲ. ನಂಜನಗೂಡಿನ ಕಡೆಯ ಹುಡುಗಿ ಒಬ್ಬಳು, 22 ಇರಬಹುದು, ಕೈ ಎಷ್ಟು ಹಗುರ ಅಂದ್ರೆ ಅವಳು ತಲೆ ಒತ್ತಿದ್ರೆ ನಿದ್ದೆ ಬರ್ತಿತ್ತು. ಒಂದಿನ ನಾನೇ ಕೇಳಿದೆ, ಏನಮ್ಮ ಇಷ್ಟು ಚಿಕ್ಕ ವಯಸ್ಸಿಗೆ ಮುಖಕ್ಕೆ ಇಷ್ಟೊಂದು ಮೇಕಪ್ ಯಾಕೆ ಅಂತ. "ಒಂದು ಮೊಡವೆ ಕಂಡ್ರೂ ಕಸ್ಟಮರ್ ಹತ್ರ ಕಳ್ಸಲ್ಲ ಮೇಡಂ, ಹಿಂದುಗಡೆ ಟವೆಲ್ ಮಡಿಸೋಕೆ ಹಾಕ್ತಾರೆ, ಆ ದಿನ ಇನ್ಸೆಂಟಿವ್ ಇರಲ್ಲ" ಅಂದ್ಲು. ಆಮೇಲೆ ಇಬ್ಬರೂ ಮಾತಾಡಲಿಲ್ಲ, ಅವಳು ನನ್ನ ಕತ್ತಿಗೆ ಏನೋ ಹಚ್ತಾ ಇದ್ಲು.

ಈ ನಾಲ್ಕು ತಿಂಗಳಲ್ಲಿ ನನ್ನೊಳಗೆ ಏನಾಯ್ತು ಅನ್ನೋದು ಬಿಲ್ಲಲ್ಲಿ ಇಲ್ಲ, ಅದನ್ನೂ ಬರೀತೀನಿ. ಯಾರನ್ನ ನೋಡಿದ್ರೂ ಮೊದಲು ಕತ್ತು ನೋಡೋ ಅಭ್ಯಾಸ ಬಂತು. ಹೆಡ್‌ಮಿಸ್ ಮಾತಾಡ್ತಿದ್ರೆ ಅವರ ಮಾತಿನ ಮೇಲೆ ಗಮನ ಇಲ್ಲ, ಅವರ ಬಾಯಿ ಪಕ್ಕದ ಗೆರೆ ಮೇಲೆ ಗಮನ. ಎಸ್ಸೆಸ್ಸೆಲ್ಸಿ ಮಕ್ಕಳ ಬೀಳ್ಕೊಡುಗೆ ಫೋಟೋಗೆ ನಾನು ಪ್ರತಿ ವರ್ಷ ಮುಂದಿನ ಸಾಲಲ್ಲಿ ಕೂರೋಳು, ಈ ಸಲ ಹಿಂದೆ ಹೋಗಿ ನಿಂತೆ, ಮಕ್ಕಳು ಮಿಸ್ ಬನ್ನಿ ಮಿಸ್ ಬನ್ನಿ ಅಂತ ಕರೆದ್ರೂ ಹೋಗ್ಲಿಲ್ಲ. ಆ ಫೋಟೋ ಮತ್ತೆ ತೆಗಿಯೋಕಾಗಲ್ಲ, ಆ ಬ್ಯಾಚ್ ಹೋಯ್ತು. ಬಚ್ಚಲುಮನೆ ಬಲ್ಬು ಕಮ್ಮಿ ವ್ಯಾಟಿಂದು ಹಾಕಿಸ್ದೆ. ನನ್ನನ್ನ ಹಡೆದ ಅಮ್ಮನ ಮುಖ ನೋಡಿದಾಗಲೂ ಆ ಕಡ್ಡಿ ಹಿಡಿದು ತೋರಿಸಿದ ಹೆಸರುಗಳೇ ನೆನಪಾಗ್ತಿತ್ತು, ಅದು ನನಗೆ ತುಂಬ ನೋವಾಗಿದ್ದು.

ಡಯಟ್ ಚಾರ್ಟ್ ಬೇರೆ ಕೊಟ್ಟಿದ್ರು. ಅನ್ನ ಪೂರ್ತಿ ಬಂದ್, ಮುದ್ದೆ ಬಂದ್, ರಾತ್ರಿ ಸೂಪ್, ದಿನಕ್ಕೆ ನಾಲ್ಕು ಲೋಟ ಗ್ರೀನ್ ಟೀ, ಅದೂ ಊಟ ಆದ ತಕ್ಷಣ ಒಂದು. ನಿಯತ್ತಾಗಿ ಮಾಡ್ದೆ. ಐದು ಕೆಜಿ ಇಳಿದೆ, ಇಳಿದಾಗ ಸೆಂಟರ್‌ನಲ್ಲಿ ಚಪ್ಪಾಳೆ ತಟ್ಟಿದ್ರು, ನೆಂಟರು ಈಗ ಹೆಲ್ದಿಯಾಗಿ ಕಾಣ್ತೀಯ ಅಂದ್ರು. ಅದೇ ಟೈಮಲ್ಲಿ ಕೂದಲು ಗುಪ್ಪೆ ಗುಪ್ಪೆ ಉದುರ್ತಿತ್ತು, ಸ್ಕೂಲಿನ ಎರಡನೇ ಮಹಡಿ ಹತ್ತೋಕೆ ನಡುವೆ ನಿಂತು ಉಸಿರು ತಗೋಬೇಕಾಗಿತ್ತು, ಕುಕ್ಕರಹಳ್ಳಿ ಕೆರೆ ಸುತ್ತ ಒಂದು ರೌಂಡ್ ಆರಾಮಾಗಿ ಹಾಕ್ತಿದ್ದೋಳು ಕಾಲು ಭಾಗಕ್ಕೆ ಬೆಂಚ್ ಹುಡುಕ್ತಿದ್ದೆ. ಕೌನ್ಸೆಲರ್‌ಗೆ ಹೇಳಿದ್ರೆ ಅದು ಡಿಟಾಕ್ಸ್, ಆಗತ್ತೆ ಅಂದ್ರು, ಕೂದಲಿಗೆ ಬೇರೆ ಪ್ಯಾಕೇಜ್ ಇದೆ, 35,000 ಅಂದ್ರು.

ಏಪ್ರಿಲ್‌ನಲ್ಲಿ ಒಂದಿನ ಮಗಳು ಜೊತೆಗೆ ಬಂದಿದ್ಲು. ಅವಳಿಗೆ 19. ಆ ಕಪ್ಪು ಡಬ್ಬದೊಳಗೆ ಮುಖ ಇಟ್ಟು ನೀಲಿ ಲೈಟಲ್ಲಿ ಫೋಟೋ ತೆಗೆಯೋ ಮಶೀನ್ ಇದೆಯಲ್ಲ, ಫ್ರೀ ಅಂತ ಹೇಳಿ ಅವಳ ಮುಖನೂ ಇಡಿಸಿದ್ರು. ಆ ಲೈಟಲ್ಲಿ ಬಿಸಿಲಿಗೆ ಓಡಾಡೋ ಯಾರ ಮುಖ ಇಟ್ರೂ ಚುಕ್ಕಿ ಕಾಣತ್ತೆ. ಅವಳಿಗೂ ಕಾಣ್ತು. "ಈಗಿಂದ್ಲೇ ಪ್ರಿವೆಂಟಿವ್ ಶುರು ಮಾಡಿದ್ರೆ ಮುಂದೆ ಅಮ್ಮನ ಥರ ಆಗಲ್ಲ" ಅಂದ್ರು. ನನ್ನೆದುರಿಗೇ. ಮಗಳು ಏನೂ ಹೇಳ್ಲಿಲ್ಲ, ಗಾಡಿ ಮೇಲೆ ವಾಪಸ್ ಬರೋವಾಗ ಕನ್ನಡೀಲಿ ತನ್ನ ಮುಖ ಎರಡು ಮೂರು ಸಲ ನೋಡ್ಕೊಂಡ್ಲು. ರಾತ್ರಿ ಊಟಕ್ಕೆ ಕರೆದ್ರೆ ನಂಗೂ ಸೂಪ್ ಸಾಕಮ್ಮ ಅಂದ್ಲು. ನನಗೆ ಕೈಕಾಲು ತಣ್ಣಗಾಯ್ತು. ನಾನು ನಾಲ್ಕು ತಿಂಗಳಿಂದ ಅನ್ನ ಬಿಟ್ಟು ಕೂತಿದ್ದನ್ನ ಅವಳು ದಿನಾ ಎದುರು ಕೂತು ನೋಡ್ತಾ ಇದ್ಲು ಅನ್ನೋದು ಆಗ ಅರ್ಥ ಆಯ್ತು. ನಮ್ಮ ಕಿರುತೆರೆ ನಟಿ ಚೇತನಾ ರಾಜ್ 2022ರ ಮೇ ತಿಂಗಳಲ್ಲಿ ಬೆಂಗಳೂರಲ್ಲಿ ಕೊಬ್ಬು ತೆಗೆಸೋ ಆಪರೇಷನ್‌ಗೆ ಹೋಗಿ ತೀರ್ಕೊಂಡಾಗ ಆ ಹುಡುಗಿಗೆ 21. ಆ ಸುದ್ದಿ ಬಂದ ದಿನ ಮಗಳ ಜೊತೆ ಕೂತು ಅತ್ತಿದ್ದೆ ನಾನು, ಅಂಥೋಳು ಮೂರು ವರ್ಷಕ್ಕೆ ನಾನೇ ಮಗಳನ್ನ ಅದೇ ಥರದ ಬಾಗಿಲಿಗೆ ಕರ್ಕೊಂಡು ಹೋಗಿದ್ದೆ.

ಅದೇ ವಾರ ನಮ್ಮ ಹಳೇ ಫ್ಯಾಮಿಲಿ ಡಾಕ್ಟರ್ ಹತ್ರ ಹೋದೆ. ಸಣ್ಣ ಕ್ಲಿನಿಕ್, ಎಪ್ಪತ್ತು ದಾಟಿದ ಡಾಕ್ಟರು, ಮಶೀನ್ ಅಂದ್ರೆ ಒಂದು ಬಿಪಿ ಮಶೀನ್. ಕೂತ ತಕ್ಷಣ ನನ್ನ ಕೆಳಗಣ್ಣಿನ ರೆಪ್ಪೆ ಹೆಬ್ಬೆರಳಲ್ಲಿ ಎಳೆದು ನೋಡಿದ್ರು, ಉಗುರು ನೋಡಿದ್ರು, ನಾಲಿಗೆ ನೋಡಿದ್ರು. "ಏನಮ್ಮ ಇಷ್ಟು ಬಿಳಚಿಕೊಂಡಿದೀಯ, ಮುಟ್ಟು ಎಷ್ಟು ದಿನ ಆಗತ್ತೆ" ಅಂದ್ರು. ಒಂಬತ್ತು ಹತ್ತು ದಿನ, ಗಟ್ಟಿ ಗಟ್ಟಿ ಹೋಗತ್ತೆ, ಒಂದು ವರ್ಷದಿಂದ ಹೀಗೇ, ವಯಸ್ಸಿಗೆ ಇದೆಲ್ಲ ಸಹಜ ಅಂದ್ಕೊಂಡಿದ್ದೆ ಅಂದೆ. ಬ್ಲಡ್ ಟೆಸ್ಟ್ ಬರ್ಕೊಟ್ರು. ಹಿಮೋಗ್ಲೋಬಿನ್ 7.4. ಹೆಂಗಸರಿಗೆ 12 ಇರಬೇಕು, 8ಕ್ಕಿಂತ ಕೆಳಗೆ ಅಂದ್ರೆ ತೀವ್ರ ರಕ್ತಹೀನತೆ. ಸ್ಕ್ಯಾನ್ ಮಾಡಿದ್ರೆ ಗರ್ಭಕೋಶದಲ್ಲಿ ಫೈಬ್ರಾಯ್ಡ್, ಅಂದ್ರೆ ಗಡ್ಡೆ. ಮುಟ್ಟು ನಿಲ್ಲೋಕ್ ಮುಂಚಿನ ಈ ವರ್ಷಗಳಲ್ಲಿ ತುಂಬ ಹೋಗೋದು ಎಷ್ಟೋ ಜನಕ್ಕಿದೆ, ಆದ್ರೆ ಇಷ್ಟು ಹೋದ್ರೆ ಸಹಜ ಅಂತ ಬಿಡಬಾರದು ಅಂತ ಬೈದ್ರು. ಆ ಗ್ರೀನ್ ಟೀ ವಿಷಯ ಕೇಳಿ ಚಾರ್ಟನ್ನ ಮೇಜಿನ ಮೇಲೆ ಮಗುಚಿ ಹಾಕಿದ್ರು. ಟೀ ಕಾಫಿ ಗ್ರೀನ್ ಟೀ ಯಾವುದಾದ್ರೂ ಸರಿ, ಊಟದ ಜೊತೆ ಕುಡಿದ್ರೆ ಸೊಪ್ಪು ಕಾಳಲ್ಲಿರೋ ಕಬ್ಬಿಣದ ಅಂಶ ಮೈಗೆ ಹತ್ತೋಕೆ ಬಿಡಲ್ಲವಂತೆ. ಅಂದ್ರೆ ಒಂದು ಕಡೆ ರಕ್ತ ಹೋಗ್ತಿತ್ತು, ಇನ್ನೊಂದು ಕಡೆ ಇರೋ ಚೂರುಪಾರನ್ನೂ ನಾನೇ ತಡೀತಿದ್ದೆ, ದುಡ್ಡು ಕೊಟ್ಟು.

ಮುಖ ಸೊರಗಿದ್ದು, ಕಣ್ಣ ಕೆಳಗೆ ಕಪ್ಪಾಗಿದ್ದು, ಕೂದಲು ಉದುರಿದ್ದು, ಸುಸ್ತು, ಮುಕ್ಕಾಲು ಪಾಲು ಇದ್ರಿಂದಾನೇ. ನಮ್ಮಜ್ಜಿ ಇದ್ದಿದ್ರೆ ಮುಖದಲ್ಲಿ ಕಳೆ ಇಲ್ಲ, ರಕ್ತ ಇಲ್ಲ ಈ ಹುಡುಗಿಗೆ ಅಂತ ಬಾಗಿಲಲ್ಲೇ ಹೇಳಿರೋರು. ಆ ಕಾಲದಲ್ಲಿ ಮೈಕೈ ತುಂಬ್ಕೊಂಡು ಲಕ್ಷಣವಾಗಿದಾಳೆ ಅನ್ನೋದು ಹೊಗಳಿಕೆ, ಅದ್ರಲ್ಲಿ ವಯಸ್ಸಿನ ಮಾತೇ ಇರಲಿಲ್ಲ. ನಾನೊಬ್ಬಳೇ ಅಲ್ಲ ನೋಡಿ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಲಿ (ಎನ್‌ಎಫ್‌ಎಚ್‌ಎಸ್-5) ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ 57% ಜನಕ್ಕೆ ರಕ್ತಹೀನತೆ ಇದೆ. ನೂರಕ್ಕೆ ಐವತ್ತೇಳು! ಅಂಥ ಹೆಂಗಸರು ಸುಸ್ತಾಗಿ, ಮುಖ ಬಾಡಿ, ಏನೋ ಸರಿಯಿಲ್ಲ ಅನ್ನಿಸಿ ಬಂದಾಗ ಇವರು ಗ್ಲೋ ಮಾರ್ತಾರೆ. 1975ರಿಂದ ಫೇರ್ ಅಂತ ಮಾರಿದ ಕ್ರೀಮ್ 2020ರಲ್ಲಿ ಹೆಸರು ಬದಲಾಯಿಸ್ಕೊಂಡು ಗ್ಲೋ ಅಂತ ಆಯ್ತಲ್ಲ, ಹಾಗೇ ಈಗ ತೆಳ್ಳಗೆ, ಬೆಳ್ಳಗೆ, ಚಿಕ್ಕವಳಾಗು ಅನ್ನೋದಕ್ಕೆಲ್ಲ "ಹೆಲ್ದಿ" ಅಂತ ಹೆಸರಿಟ್ಟಿದಾರೆ. ಹೆಲ್ದಿಯಾಗಿ ಕಾಣ್ತೀಯ ಅಂತ ಎಲ್ಲರೂ ಅಂದ ತಿಂಗಳಲ್ಲೇ ನನ್ನ ರಕ್ತ 7.4 ಇತ್ತು.

ಐರನ್ ಡ್ರಿಪ್ ಎರಡು ಸಲ ಹಾಕಿದ್ರು, ಬ್ಲೀಡಿಂಗ್‌ಗೆ ಗೈನಕಾಲಜಿಸ್ಟ್ ಮಾತ್ರೆ ಕೊಟ್ಟಿದಾರೆ. ಊಟಕ್ಕೆ ಅನ್ನ ಮುದ್ದೆ ಎಲ್ಲ ವಾಪಸ್, ಉಪ್ಸಾರು, ಹುರುಳಿಕಾಳು, ಸೊಪ್ಪಿನ ಪಲ್ಯದ ಮೇಲೆ ನಿಂಬೆಹಣ್ಣು, ಕಾಫಿ ಊಟ ಆಗಿ ಒಂದು ಗಂಟೆ ಬಿಟ್ಟು. ಮಗಳು ಪಕ್ಕ ಕೂತು ತಿಂತಾಳೆ, ಮೊದಲಿನ ಹಾಗೆ ಪೂರ್ತಿ ಆಗಿಲ್ಲ, ಇನ್ನೂ ಆಗಾಗ ತಟ್ಟೇಲಿ ಬಿಡ್ತಾಳೆ, ಬೈಯಲ್ಲ, ಜೊತೇಲಿ ಕೂತಿರ್ತೀನಿ.

ರೀಫಂಡ್ ಕೇಳೋಕೆ ರಿಪೋರ್ಟ್ ಹಿಡ್ಕೊಂಡು ಹೋದೆ. ಐದು ಸೆಷನ್ ಬಾಕಿ ಇತ್ತು. ನಾನ್ ರೀಫಂಡಬಲ್ ಅಂತ ಸೈನ್ ಮಾಡಿದೀರ, ಬೇಕಾದ್ರೆ ಬಾಕಿ ಸೆಷನ್ ಮಗಳಿಗೆ ಟ್ರಾನ್ಸ್‌ಫರ್ ಮಾಡ್ಕೊಡ್ತೀವಿ ಅಂದ್ರು. ಎದ್ದು ಬಂದೆ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸ್ದೆ, ಅದಕ್ಕೂ ಸೆಂಟರ್‌ನವರು ಕ್ರೆಡಿಟ್ ನೋಟ್ ಕೊಡ್ತೀವಿ ಅಂದ್ರು, ಆಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹಾಕ್ದೆ. ಕೊಟ್ಟ ದುಡ್ಡು 5 ಲಕ್ಷದೊಳಗಿದ್ರೆ ಅಲ್ಲಿ ಫೀಸ್ ಇಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಬಿಲ್, ಡಯಟ್ ಚಾರ್ಟ್, ವಾಟ್ಸಾಪ್ ಮೆಸೇಜ್ ಒಂದನ್ನೂ ಡಿಲೀಟ್ ಮಾಡಬೇಡಿ.

ಆದ್ರೂ ಯಾರಾದ್ರೂ ಹೋಗೋರಿದ್ರೆ, ಅದು ನಿಮ್ಮಿಷ್ಟ, ನಾನು ಬೇಡ ಅನ್ನಲ್ಲ, ಬಂಗುಗೋ ಮೊಡವೆಗೋ ಟ್ರೀಟ್‌ಮೆಂಟ್ ಬೇಕು ಅನ್ನಿಸೋದು ತಪ್ಪೇನಲ್ಲ. ಮೊದಲು ಒಂದು ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್ ಟೆಸ್ಟ್ ಮಾಡಿಸ್ಕೊಂಡು ಹೋಗಿ. ಗೋಡೆ ಮೇಲೆ ಕೆಪಿಎಂಇ (ರಾಜ್ಯದ ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳ ಕಾಯ್ದೆ) ನೋಂದಣಿ ನಂಬರ್ ಇದೆಯಾ ನೋಡಿ, ನಿಮ್ಮ ಮುಖ ಮುಟ್ಟೋರು ಚರ್ಮದ ಡಾಕ್ಟರಾ, ಅವರ ಕರ್ನಾಟಕ ಮೆಡಿಕಲ್ ಕೌನ್ಸಿಲ್ ನಂಬರ್ ಏನು ಅಂತ ಕೇಳಿ, ನನ್ನ ನಾಲ್ಕು ತಿಂಗಳಲ್ಲಿ ನಾನು ಡಾಕ್ಟರನ್ನ ನೋಡಿದ್ದು ಒಂದೇ ಸಲ, ಅದೂ ವಿಡಿಯೋ ಕಾಲಲ್ಲಿ. ಅವತ್ತೇ ದುಡ್ಡು ಕಟ್ಟಬೇಡಿ. ಮಕ್ಕಳನ್ನ ಕರ್ಕೊಂಡು ಹೋಗಬೇಡಿ.

ಅಣ್ಣನ ಮಗಳ ಮದುವೆ ಮೇ ತಿಂಗಳಲ್ಲಿ ಆಯ್ತು. ಅನ್ನ ತಿನ್ನೋಕೆ ಶುರು ಮಾಡಿ ಇಳಿದಿದ್ದ ತೂಕ ಸ್ವಲ್ಪ ವಾಪಸ್ ಬಂದು, ಮಾರ್ಚ್‌ನಲ್ಲಿ ಹೊಲಿಸಿದ್ದ ಬ್ಲೌಸ್ ತೋಳಲ್ಲಿ ಹಿಡೀತಿತ್ತು. ಟೈಲರ್ ಅಕ್ಕನ ಹತ್ರ ತಗೊಂಡು ಹೋದೆ, ದಪ್ಪ ಆಗಿದೀಯ ಅಂತಾರೇನೋ ಅಂತ ಬಾಗಿಲಲ್ಲೇ ಅಳುಕು. ಅವರು ಬ್ಲೌಸ್ ಒಳಗಡೆ ಮಗುಚಿ ತೋರಿಸಿದ್ರು, ಪಕ್ಕದಲ್ಲಿ, ತೋಳಲ್ಲಿ, ಎಲ್ಲಾ ಕಡೆ ಎರಡೆರಡು ಬೆರಳು ಬಟ್ಟೆ ಬಿಟ್ಟು ಮೂರು ಸಾಲು ಹೊಲಿಗೆ ಹಾಕಿದ್ರು. ಒಂದು ಸಾಲು ಬ್ಲೇಡಲ್ಲಿ ಬಿಚ್ಚಿ ಕೊಟ್ರು, ಹತ್ತು ನಿಮಿಷ, ದುಡ್ಡು ಬೇಡ ಅಂದ್ರು.

ಈಗ ಹಿಮೋಗ್ಲೋಬಿನ್ 11.6. ಸೆಂಟರ್‌ಗೆ ನನ್ನ ಕಡೆಯಿಂದ ಐದಕ್ಕೆ ಒಂದು ಸ್ಟಾರ್, ಆ ಒಂದೂ ಆ ನಂಜನಗೂಡಿನ ಹುಡುಗಿಗೆ. ಆಯೋಗದಲ್ಲಿ ಮುಂದಿನ ತಿಂಗಳು ಡೇಟ್ ಇದೆ, ದುಡ್ಡು ಬಂದ್ರೂ ಬರದೇ ಇದ್ರೂ ಏನಾಯ್ತು ಅಂತ ಇದೇ ರಿವ್ಯೂ ಕೆಳಗೆ ಸೇರಿಸ್ತೀನಿ.